ಬುಗುರಿ ಕಾಳಪ್ಪನ ಒಣ ಪಟ್ಟಿ

ಬಲು ಹಿಂದೆ, ಗುಡ್ಡಗಳಿಗೆ ಮಂದಿ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ನೆಲದ ಮೇಲಿನ ಊರಲ್ಲ, ಬೋಳು ಬಂಡೆಯ ಗುಡ್ಡದ ನೆತ್ತಿಯ ಮೇಲಿನ ಊರು. ಅದರ ಹೆಸರು ಮೇಲಿನಟ್ಟಿ. ಅಲ್ಲಿ ಕಲ್ಲು ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಜೋಳ, ಉಪ್ಪು, ಕಟ್ಟಿಗೆ, ಮನೆಗೆ ಬರುವ ಸೊಸೆ, ಎಲ್ಲವೂ ಕೆಳಗಿನಿಂದಲೇ ಏರಿ ಬರಬೇಕು. ಏರಿ ಬರುವುದು ಬಂಡಿಯಲ್ಲಿ, ಬಂಡಿಗೆ ಕಟ್ಟಿದ ಹಗ್ಗದಲ್ಲಿ. ಹಗ್ಗ ಸುತ್ತುವ ದಿಂಡು ಮೇಲೆ, ಅದನ್ನು ತಿರುಗಿಸುವ ಎತ್ತು ಮೇಲೆ. ಜೀವ ಮಾತ್ರ ಹಗ್ಗದ ನಡುವೆ.

ಆ ದಾರಿ ಒಂದೇ ಸಮನಾಗಿರಲಿಲ್ಲವಂತೆ. ಮೊದಲು ಸಪಾಟು, ಆಮೇಲೆ ಸಣ್ಣ ಏರು, ಆಮೇಲೆ ಎದೆಗುದ್ದು ಅನ್ನುವ ಏರು. ಎದೆಗುದ್ದಿನಲ್ಲಿ ನಡೆಯುವವನ ಎದೆ ಬಂಡೆಗೆ ತಾಗುತ್ತಿತ್ತು, ಅದಕ್ಕೇ ಆ ಹೆಸರು. ಎತ್ತಿಗಾದರೋ ಇರುವುದು ಒಂದೇ ನಡಿಗೆ. ಓಡಿಸಿದರೆ ಏದುಸಿರು, ತಡೆದರೆ ಮೊಂಡು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಎತ್ತಿನ ನಡಿಗೆಗೂ ಬಂಡಿಯ ದಾರಿಗೂ ಹೊಂದಿಕೆಯೇ ಇರಲಿಲ್ಲ. ಅದಕ್ಕೆ ಹಿರಿಯರು ಮೂರು ದಿಂಡು ಮಾಡಿದ್ದರು. ಸಪಾಟಿಗೆ ದಪ್ಪನೆಯದು, ಬೇಗ ಸುತ್ತುತ್ತದೆ. ಎದೆಗುದ್ದಿಗೆ ಸಣ್ಣದು, ನಿಧಾನ ಸುತ್ತಿದರೂ ಭಾರ ಎಳೆಯುತ್ತದೆ. ನಡುವಿನ ಏರಿಗೆ ನಡುವಿನದು. ದಾರಿ ಬದಲಾದಲ್ಲೆಲ್ಲ ಹಗ್ಗವನ್ನು ಒಂದು ದಿಂಡಿನಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಹಾಕುವಷ್ಟು ಹೊತ್ತು ಹಗ್ಗ ಸಡಿಲ. ಆಗ ಬಂಡಿಯ ಹಿಂದೆ ನಡೆಯುವ ಇಬ್ಬರು ಗಾಲಿಯಡಿ ಅಡ್ಡಗಲ್ಲು ಕೊಡುತ್ತಿದ್ದರು. ಕಲ್ಲು ನಿಂತರೆ ಬಂಡಿ ನಿಂತಿತು.

ಒಂದು ದಿನ ಕಲ್ಲು ನಿಲ್ಲಲಿಲ್ಲವಂತೆ. ಬಂಡಿಯಲ್ಲಿದ್ದವಳು ಬಡಿಗ ಕಾಳಪ್ಪನ ಹೆಂಡತಿ ಗೌರವ್ವ. ಮೇಲೆ ಹಗ್ಗ ಎತ್ತಿ ಹಾಕುತ್ತಿದ್ದವನು ಕಾಳಪ್ಪನೇ. ಕೈಯಲ್ಲಿ ಹಗ್ಗ ಸಡಿಲಾಗಿತ್ತು, ಹಾಗೇ ಉಳಿಯಿತು. ಆಮೇಲೆ ಅದು ಬಿಗಿಯಾಗಲೇ ಇಲ್ಲ.

ಅವತ್ತಿನಿಂದ ಕಾಳಪ್ಪ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ ಅಂತ ಹೇಳುತ್ತಾರೆ. ಮನೆಯಲ್ಲಿ ತಾಯಿ ಭೀಮವ್ವ, ತಾಯಿಲ್ಲದ ಮಗಳು ನಾಗವ್ವ. ಅವನ ತಲೆಯಲ್ಲಿ ಒಂದೇ ಮಾತು: ಹಗ್ಗ ಸಡಿಲಾಗಬಾರದು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಡಿಲಾಗಬಾರದು. ಆದರೆ ದಿಂಡು ಬದಲಿಸದೆ ಏರು ಹತ್ತುವುದು ಹೇಗೆ?

ಒಂದು ಮಧ್ಯಾಹ್ನ ಭೀಮವ್ವ ಹುಣಸೆಹಣ್ಣು ಬಿಡಿಸುತ್ತಿದ್ದಳಂತೆ. ಹಸಿ ಬೀಜವನ್ನು ಎರಡು ಬೆರಳ ನಡುವೆ ಒತ್ತಿದಳು, ಬೀಜ ಚಂಗನೆ ಹೊರಗೆ ಜಿಗಿದು ಕಾಳಪ್ಪನ ಮೂಗಿಗೆ ತಾಗಿತು. ಮುದುಕಿ ನಕ್ಕಳು. ಕಾಳಪ್ಪ ನಗಲಿಲ್ಲ. ಬೀಜ ಎತ್ತಿಕೊಂಡು ತಾನೂ ಒತ್ತಿದ. ಒತ್ತಿದರೆ ಹೊರಕ್ಕೆ, ಬಿಟ್ಟರೆ ಒಳಕ್ಕೆ. ಮೊರದಲ್ಲಿದ್ದ ಬೀಜವೆಲ್ಲ ತೀರುವತನಕ ಒತ್ತಿದ. ಮಗನಿಗೆ ತಲೆ ಕೆಟ್ಟಿತು ಅಂತ ಭೀಮವ್ವ ನಿಂಬೆಹಣ್ಣು ನಿವಾಳಿಸಿದಳಂತೆ.

ಅವನು ಕರಿಜಾಲಿ ಮರದಲ್ಲಿ ನಾಲ್ಕು ದೊಡ್ಡ ಬುಗುರಿ ಕಡೆದ. ಎರಡನ್ನು ಮೂತಿಗೆ ಮೂತಿ ಎದುರಾಗಿಸಿ ಎತ್ತು ತಿರುಗಿಸುವ ಕಂಬಕ್ಕೆ ಹಾಕಿದ, ಇನ್ನೆರಡನ್ನು ಹಾಗೇ ಹಗ್ಗದ ದಿಂಡಿಗೆ. ಎರಡು ಜೋಡಿಗೂ ಸೇರಿ ಎಮ್ಮೆ ಚರ್ಮದ ಒಂದೇ ಪಟ್ಟಿ, ಅಂಚು ಓರೆಯಾಗಿ ಕೊಯ್ದದ್ದು. ಬುಗುರಿಗಳನ್ನು ಹತ್ತಿರ ಒತ್ತಿದರೆ ಪಟ್ಟಿ ಬೀಜದಂತೆ ಹೊರಕ್ಕೇರಿ ದೊಡ್ಡ ಸುತ್ತಿನಲ್ಲಿ ಓಡುತ್ತದೆ. ದೂರ ಬಿಟ್ಟರೆ ಒಳಕ್ಕಿಳಿದು ಸಣ್ಣ ಸುತ್ತಿನಲ್ಲಿ ಓಡುತ್ತದೆ. ಒಂದು ಜೋಡಿ ಒತ್ತಿದಷ್ಟೂ ಇನ್ನೊಂದು ಬಿಡುವಂತೆ ಒಂದು ಉದ್ದ ಸನ್ನೆಕೋಲು. ಎತ್ತಿನ ಕಡೆಯ ಬುಗುರಿಗಳ ಸುತ್ತು ದೊಡ್ಡದಾಗಿ ದಿಂಡಿನದು ಸಣ್ಣದಾದರೆ ಬಂಡಿ ಸರಸರ ಬರುತ್ತದೆ. ಏರು ಬಂದಂತೆ ಕೋಲು ಸರಿಸಿದರೆ ಎತ್ತಿನದು ಸಣ್ಣದಾಗುತ್ತದೆ, ದಿಂಡಿನದು ದೊಡ್ಡದಾಗುತ್ತದೆ. ಬಂಡಿ ನಿಧಾನ, ಬಲ ಜಾಸ್ತಿ. ಮೂರು ದಿಂಡಿನ ಜಾಗದಲ್ಲಿ ಲೆಕ್ಕವಿಲ್ಲದಷ್ಟು ದಿಂಡು ಸಿಕ್ಕಂತಾಯಿತು. ಎತ್ತು ಅದೇ ನಡಿಗೆಯಲ್ಲಿ ಸುತ್ತುತ್ತಿತ್ತು, ಹಗ್ಗ ಒಮ್ಮೆಯೂ ಸಡಿಲಾಗುತ್ತಿರಲಿಲ್ಲ.

ಐದು ವರ್ಷ ಒಂದು ಬಂಡಿಯೂ ಜಾರಲಿಲ್ಲವಂತೆ. ಊರು ಅವನನ್ನು ಬುಗುರಿ ಕಾಳಪ್ಪ ಅಂತ ಕರೆಯಿತು. ಹೆಸರು ಬಂದ ಹಿಂದೆಯೇ ಬಿಂಕವೂ ಬಂತು. ನನ್ನ ಬುಗುರಿ ಇರುವಾಗ ಕಲ್ಲೇಕೆ ಅಂತ ಅಡ್ಡಗಲ್ಲಿನವರನ್ನು ಬಿಡಿಸಿದ. ಯಾರೇ ಹತ್ತಿರ ಬಂದರೂ "ಪಟ್ಟಿ ಮುಟ್ಟಬ್ಯಾಡ್ರಿ" ಅನ್ನುತ್ತಿದ್ದ. ಯಾಕೆ ಅಂದರೆ ಹೇಳುತ್ತಿರಲಿಲ್ಲ. ಗುಟ್ಟು ರಟ್ಟಾದರೆ ಕೆಳಗಿನ ಹತ್ತು ಊರಿನ ಬಡಿಗರೂ ಬುಗುರಿ ಕಡೆದಾರು ಅಂತ ಒಳಗೊಳಗೇ ಅಳುಕು. ಹೆತ್ತ ತಾಯಿಗೂ ಹೇಳಲಿಲ್ಲ.

ಇಷ್ಟರಲ್ಲಿ ನಾಗವ್ವನ ಮದುವೆಯಾಗಿ ಅವಳು ಕೆಳಗಿನ ಊರಿಗೆ ಹೋಗಿದ್ದಳು. ಈಗ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಲ್ಲ. ಖಂಡೇನವಮಿಯ ಮಾರನೆಯ ದಿನ, ಬನ್ನಿ ಕೊಡುವ ದಿನ ಬೆಳಿಗ್ಗೆ, ಕರೆತರುವುದೆಂದಾಯಿತು. ಬಾ ಅಂದವನು ಕಾಳಪ್ಪನೇ, ಅಂದ ಗಳಿಗೆಯಿಂದ ಹೆದರಿದವನೂ ಅವನೇ. ಗೌರವ್ವ ಬಂದದ್ದೂ ಇದೇ ದಾರಿಯಲ್ಲಿ. ಅವನು ಹಗ್ಗವನ್ನು ಮೊಳ ಮೊಳವೂ ತಡವಿ ನೋಡಿದ. ನಾಲ್ಕು ಬುಗುರಿಯನ್ನೂ ಬಡಿದು ಸದ್ದು ಕೇಳಿದ. ಎತ್ತಿನ ಗೊರಸು ಎತ್ತಿ ನೋಡಿದ. ಎಲ್ಲ ಸರಿಯಿತ್ತು. ಸರಿಯಿದ್ದಷ್ಟೂ ಅವನಿಗೆ ದಿಗಿಲು ಹೆಚ್ಚುತ್ತಿತ್ತು.

ಆ ಊರಿನಲ್ಲಿ ಖಂಡೇನವಮಿಗೆ ಉಪಕರಣಗಳಿಗೆಲ್ಲ ಎಣ್ಣೆ ಹಚ್ಚಿ ಪೂಜೆ ಮಾಡುವ ಪದ್ಧತಿ. ಉಳಿ, ಬಾಚಿ, ಗರಗಸ, ಬಂಡಿಯ ಅಚ್ಚು, ಒಂದನ್ನೂ ಬಿಡುವಂತಿಲ್ಲ. ಬಿಟ್ಟ ಉಪಕರಣ ಮುನಿಯುತ್ತದೆ ಅಂತ ನಂಬಿಕೆ. ಪೂಜೆಯಾಗಿ ಕಾಳಪ್ಪ ಬಂಡಿಯ ಗಾಲಿ ನೋಡಲು ಕೆಳಗಿಳಿದಾಗ ಭೀಮವ್ವನ ಕಣ್ಣು ಪಟ್ಟಿಯ ಮೇಲೆ ಬಿತ್ತು. ಐದು ಹಬ್ಬದಿಂದ ಅದಕ್ಕೆ ತೊಟ್ಟು ಎಣ್ಣೆಯಿಲ್ಲ. ನಾಳೆ ಮೊಮ್ಮಗಳು ಇದನ್ನೇ ನಂಬಿ ಬರುವವಳು. ಸೊಸೆಯನ್ನು ನುಂಗಿದ ದಾರಿ. ಮುದುಕಿ ಅಡಿಗೆಮನೆಗೆ ನಡೆದಳು. ಬಟ್ಟಲು ತುಂಬ ಕುಸುಬಿ ಎಣ್ಣೆ ತಂದು, ಕೂಸಿಗೆ ಹಚ್ಚಿದಂತೆ ಪಟ್ಟಿಗೆ ತಿಕ್ಕಿ ತಿಕ್ಕಿ ಹಚ್ಚಿದಳು. ಕೈ ಮುಗಿದಳು. ನೆಮ್ಮದಿಯಿಂದ ಮಲಗಿದಳು.

ಬೆಳಿಗ್ಗೆ ಕೆಳಗಿನಿಂದ ಕಹಳೆ ಊದಿದರು. ನಾಗವ್ವ ಬಂಡಿ ಹತ್ತಿದಳೆಂದು ಅರ್ಥ. ಕಾಳಪ್ಪ ಕೋಲು ಹಿಡಿದ. ಮೇಲೆ ನಿಂತವನಿಗೆ ಬಂಡಿ ಕಾಣುವುದಿಲ್ಲ, ಬಂಡೆಯ ಅಂಚು ಮರೆ. ಹಗ್ಗಕ್ಕೆ ಕಟ್ಟಿದ ಕೆಂಪು ಬಟ್ಟೆ ಅಂಚು ದಾಟಿ ಒಳಬಂದರೆ ಬಂಡಿ ಎದೆಗುದ್ದಿಗೆ ಬಂತೆಂದು ಗುರುತು. ಸಪಾಟು ದಾಟಿತು. ಸಣ್ಣ ಏರು ದಾಟಿತು. ಭಾರ ಕಡಿಮೆಯಿದ್ದುದಕ್ಕೋ ಏನೋ, ಅಲ್ಲಿಯತನಕ ಪಟ್ಟಿ ಹಿಡಿಯಿತು. ಕೆಂಪು ಬಟ್ಟೆ ಅಂಚು ದಾಟಿ ಬಂತು. ಕಾಳಪ್ಪ ಕೋಲು ಸರಿಸಿದ.

ಕೆಂಪು ಬಟ್ಟೆ ನಿಂತಿತು.

ಎತ್ತು ಸುತ್ತುತ್ತಲೇ ಇದೆ. ಕಂಬದ ಬುಗುರಿ ತಿರುಗುತ್ತಲೇ ಇದೆ. ಪಟ್ಟಿ ಮಾತ್ರ ಬುಗುರಿಯ ಮೈಮೇಲೆ ಸುಮ್ಮನೆ ಜಾರುತ್ತಿದೆ. ದಿಂಡು ಒಂದು ಗಳಿಗೆ ನಡುಗಿ, ಹಿಂದಕ್ಕೆ ತಿರುಗತೊಡಗಿತು. ಒಳಗೆ ಬಂದಿದ್ದ ಕೆಂಪು ಬಟ್ಟೆ ಮೆಲ್ಲಗೆ ಅಂಚಿನ ಕಡೆ ಹೊರಟಿತು. ಕೆಳಗಿನಿಂದ ನಾಗವ್ವ "ಅಪ್ಪಾ" ಅಂದದ್ದು ಕೇಳಿತು ಅಂತ ಹೇಳುತ್ತಾರೆ. ಕೆಳಗೆ ಅಡ್ಡಗಲ್ಲು ಕೊಡುವವರಿಲ್ಲ. ಬಿಡಿಸಿದವನು ಇವನೇ.

ಕಾಳಪ್ಪ ಕೋಲಿನ ಮೇಲೆ ಮೈಯೆಲ್ಲ ಹಾಕಿ ಒತ್ತಿದ. ಭುಜದ ಕೀಲು ಲಟಕ್ ಅಂದಿತು, ಬಿಡಲಿಲ್ಲ. ಆಗ ಮೂಗಿಗೆ ಕುಸುಬಿ ಎಣ್ಣೆಯ ವಾಸನೆ ಬಡಿಯಿತು.

"ಯವ್ವಾ, ಪಟ್ಟಿಗೇನ್ ಹಚ್ಚಿದಿ?"

"ಎಣ್ಣಿ ಹಚ್ಚೀನೋ ಯಪ್ಪಾ. ಹಬ್ಬದ ದಿವಸ ಅದೊಂದ ಉಪಾಸ ಇರಬಾರದಂತ."

ಐದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಕಾಳಪ್ಪ ಅವತ್ತು ಊರಿಗೆಲ್ಲ ಕೇಳುವಂತೆ ಗುಟ್ಟನ್ನು ಕೂಗಿದನಂತೆ. "ಅಚ್ಚಿಗೆ ಎಣ್ಣಿ ಬೇಕು, ಪಟ್ಟಿಗೆ ಬ್ಯಾಡ ಬೇ! ಎಣ್ಣಿ ಬಿದ್ರ ಜಾರತೈತಿ! ಒಲ್ಯಾಗಿನ ಬೂದಿ ತಾ, ಬೂದಿ!"

ಭೀಮವ್ವ ಓಡಿದಳು. ಮೊರ ಹುಡುಕಲಿಲ್ಲ, ಸೌಟು ಹುಡುಕಲಿಲ್ಲ. ಉರಿಯುವ ಒಲೆಗೆ ಎರಡೂ ಕೈ ಹಾಕಿ, ಕೆಂಡವಿದ್ದ ಬೂದಿಯನ್ನೇ ಬೊಗಸೆ ತುಂಬಿ ತಂದು ಓಡುವ ಪಟ್ಟಿಯ ಮೇಲೆ ಸುರಿದಳು. ಮತ್ತೆ ಓಡಿದಳು, ಮತ್ತೆ ತಂದಳು. ಮೂರು ಬೊಗಸೆ ಅನ್ನುವವರಿದ್ದಾರೆ, ಏಳು ಅನ್ನುವವರಿದ್ದಾರೆ. ಕೈ ಬೆಂದ ನೋವಿಗೆ ಅವಳು ಕೂಗಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬೂದಿ ಎಣ್ಣೆ ಕುಡಿಯಿತು. ಪಟ್ಟಿ ಕಿರ್ರೆಂದಿತು, ಹಿಡಿಯಿತು. ಅಂಚಿನಾಚೆ ಹೋಗುವುದಕ್ಕೆ ಒಂದು ಗೇಣು ಉಳಿದಿದ್ದ ಕೆಂಪು ಬಟ್ಟೆ ನಿಂತು, ಒಳಗೆ ಬರತೊಡಗಿತು. ಎತ್ತಿಗೆ ಇದೇನೂ ತಿಳಿಯಲೇ ಇಲ್ಲ. ಅದು ಅದೇ ನಡಿಗೆಯಲ್ಲಿ ಸುತ್ತುತ್ತಿತ್ತು.

ನಾಗವ್ವ ಬಂಡಿಯಿಂದ ಇಳಿದ ಹೊತ್ತಿಗೇ ನೋವು ಬಂದಿತ್ತು. ಸೂರ್ಯ ನೆತ್ತಿಗೆ ಬರುವ ಮುಂಚೆ ಹೆಣ್ಣು ಕೂಸು ಹುಟ್ಟಿತಂತೆ. ಭೀಮವ್ವನ ಸುಟ್ಟ ಕೈಗೆ ಕೂಸನ್ನು ಕೊಡಲಾಗಲಿಲ್ಲ. ಅವಳ ತೊಡೆಯ ಮೇಲೆ ಮಲಗಿಸಿ ಕಾಳಪ್ಪ ತಾಯಿಯ ಕಾಲ ಬಳಿ ಕೂತು ಅತ್ತ. ನೀನು ತಪ್ಪು ಮಾಡಲಿಲ್ಲ, ಹೇಳದೆ ಇದ್ದದ್ದು ನಾನು ಅಂದನಂತೆ. ಆ ವಾರವೇ ಅಡ್ಡಗಲ್ಲಿನವರನ್ನು ತಿರುಗಿ ಕರೆದ. ಕೆಳಗಿನ ಹತ್ತು ಊರಿನ ಬಡಿಗರನ್ನೂ ಕರೆದು ಬುಗುರಿ ಬಿಚ್ಚಿ ತೋರಿಸಿದ.

ಈಗ ಆ ಗುಡ್ಡಕ್ಕೆ ಡಾಂಬರು ರಸ್ತೆಯಾಗಿದೆ. ಗೇರು ಬದಲಿಸುವ ಗೋಜಿಲ್ಲದ ಕಾರುಗಳು ಎದೆಗುದ್ದನ್ನು ಉಸಿರು ಕಟ್ಟದೆ ಏರುತ್ತವೆ. ಕೆಲವು ಕಾರಿನೊಳಗೂ ಮೂತಿಗೆ ಮೂತಿ ಎದುರಾದ ಎರಡು ಜೋಡಿ ಬುಗುರಿ, ನಡುವೆ ಒಂದು ಕಬ್ಬಿಣದ ಪಟ್ಟಿ ಇದೆಯಂತೆ. ಎಂಜಿನ್ನು ಕಾಳಪ್ಪನ ಎತ್ತಿನ ಹಾಗೆ ತನ್ನ ಹದದಲ್ಲೇ ಓಡುತ್ತದೆ, ಏರಿಗೆ ತಕ್ಕಂತೆ ಪಟ್ಟಿ ಏರಿ ಇಳಿಯುತ್ತದೆ. ಆ ಪಟ್ಟಿಗೆ ಎಣ್ಣೆ ಬೇಕು, ಆದರೆ ಅದಕ್ಕೆಂದೇ ಮಾಡಿದ್ದು. ಬೇರೆ ಎಣ್ಣೆ ಹೊಯ್ದರೆ ಪಟ್ಟಿ ಜಾರಿ ಕೆಡುತ್ತದೆ. ಗುಡ್ಡದ ಬುಡದ ಮೆಕ್ಯಾನಿಕ್ಕು ಎಣ್ಣೆಯ ಡಬ್ಬಿ ಬಿಚ್ಚುವ ಮೊದಲು ಚಿಟಿಕೆ ಬೂದಿ ಹಣೆಗಿಟ್ಟುಕೊಂಡು, ಇದು ಯಾವ ಎಣ್ಣೆ, ಯಾಕೆ ಇದೇ ಬೇಕು ಅಂತ ಕಾರಿನವರನ್ನು ಕೂಡಿಸಿಕೊಂಡು ಹೇಳುತ್ತಾನೆ. ಅವಸರವಿದ್ದವರು ಗೊಣಗುತ್ತಾರೆ. ಅವನು ಹೇಳದೆ ಬಿಡುವುದಿಲ್ಲ.

ಮೇಲಿನಟ್ಟಿಯಲ್ಲಿ ಖಂಡೇನವಮಿಗೆ ಇವತ್ತಿಗೂ ಮನೆಯ ಹಿರಿಯ ಹೆಂಗಸು ಮೊದಲು ಒಂದು ಚರ್ಮದ ತುಂಡಿಗೆ ಬೂದಿ ಹಚ್ಚುತ್ತಾಳೆ, ಆಮೇಲೆ ಉಳಿದುದಕ್ಕೆಲ್ಲ ಎಣ್ಣೆ. ಇನ್ನೊಂದು ರೂಢಿಯೂ ಇದೆ. ಆ ಊರಿನಲ್ಲಿ ಯಾರೂ ಯಾರಿಗೂ ಬರೀ "ಮುಟ್ಟಬೇಡ" ಅನ್ನುವುದಿಲ್ಲ. ಯಾಕೆ ಅಂತಲೂ ಹೇಳುತ್ತಾರೆ. ತೊಟ್ಟಿಲಲ್ಲಿ ಮಲಗಿದ, ಮಾತೇ ತಿಳಿಯದ ಕೂಸು ದೀಪಕ್ಕೆ ಕೈ ಚಾಚಿದರೂ, ಅದರ ಕೈಯನ್ನು ಮೆಲ್ಲಗೆ ಹಿಡಿದು, ಕೂತು ಹೇಳುತ್ತಾರೆ.