ಸೂನಗುಡ್ಡಕ್ಕೆ ಆ ಹೆಸರು ಬಂದದ್ದು

ಬಯಲುಸೀಮೆಯ ಕರಿನೆಲದ ನಡುವೆ ಸೂನಗುಡ್ಡ ಒಂಟಿಯಾಗಿ ನಿಂತಿದೆ. ನೆತ್ತಿಯ ಮೇಲೆ ಹುಲ್ಲು, ಪಡುವಣ ಮಗ್ಗುಲಲ್ಲಿ ಬೇಸಿಗೆಗೂ ಬತ್ತದ ಒರತೆ, ಬುಡದಲ್ಲಿ ಬಾಗಿಲಿಲ್ಲದ ಎರಡು ಕಲ್ಲುಕಂಬ. ಹೆಸರು ಶೂನ್ಯ ಎಂಬ ಮಾತಿನಿಂದ ಬಂದಿರಬೇಕೆಂದು ಓದಿದವರು ಹೇಳುವುದುಂಟು. ಸುತ್ತಲಿನ ಕುರಿಗಾಹಿಗಳು ಒಪ್ಪುವುದಿಲ್ಲ. ಅದು ಇಂಗ್ಲಿಷಿನವರ ಒಂದು ಮಾತು, ದ್ಯಾವಕ್ಕನೆಂಬ ಕುರಿಹಟ್ಟಿಯವಳಿಗೆ ಅವಳ ತಮ್ಮನೇ ಅರ್ಥ ಹೇಳಿ ನಂಬಿಸಿದ್ದು ಎನ್ನುತ್ತಾರೆ.

ಹಿಂದೆ, ಕುಂಪಣಿಯ ದಂಡು ಈ ದಾರಿಯಲ್ಲಿ ಓಡಾಡುತ್ತಿದ್ದ ಕಾಲಕ್ಕೆ, ಗುಡ್ಡದ ಹುಲ್ಲು ದ್ಯಾವಕ್ಕನ ಹಟ್ಟಿಯದಾಗಿತ್ತು. ಗಂಡ ಸತ್ತ ಮೇಲೆ ಹಟ್ಟಿಯ ಯಜಮಾನಿಕೆ ಅವಳದೇ. ತಾಯಿಯಿಲ್ಲದ ತಮ್ಮ ತಿಪ್ಪಯ್ಯನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅವನು ಪಾದ್ರಿಯೊಬ್ಬರ ಬಳಿ ಇಂಗ್ಲಿಷ್ ಕಲಿತು ದಂಡಿನ ದುಭಾಷಿಯಾಗಿದ್ದ. ಒಂದು ಬೇಸಿಗೆ ದಂಡಿನ ಸಾಹೇಬ ಬಂದು, ಕುದುರೆಗಳ ಮೇವಿಗೆ ಗುಡ್ಡ ಬೇಕೆಂದ. ಮರಳಿ ಯಾವಾಗ ಬಿಟ್ಟುಕೊಡುತ್ತೀರೆಂದು ದ್ಯಾವಕ್ಕ ಕೇಳಿದಳು. ಸಾಹೇಬ ಕುದುರೆಯಿಂದ ಇಳಿಯದೆಯೇ “ಸೂನ್” ಎಂದ.

“ಹಂಗಂದ್ರೇನೋ, ತಿಪ್ಪಾ?”

“ಮಳೆ ಬಿದ್ದ ಕೂಡ್ಲೇ ಅಂತ, ಅಕ್ಕಾ.”

ತಮ್ಮನ ಮಾತು ನಂಬಿ ಅವಳು ಕುರಿಗಳನ್ನು ಗುಡ್ಡದಿಂದ ಇಳಿಸಿದಳು.

ಮಳೆ ಬಿತ್ತು. ದಂಡಿನವರು ಗುಡ್ಡ ಬಿಡುವ ಬದಲು ಬುಡದಲ್ಲಿ ಕಂಬ ನೆಟ್ಟು ಬಾಗಿಲು ಕೂರಿಸಿದರು. ತಿಪ್ಪಯ್ಯನಿಗೆ ಕೆಂಪು ಪೇಟ ಬಂತು, ಮೇವಿನ ಉಸ್ತುವಾರಿ ಬಂತು. ಅಕ್ಕನ ಹಟ್ಟಿಯ ದಾರಿ ಮರೆತುಹೋಯಿತು. ದ್ಯಾವಕ್ಕ ಬಾಗಿಲ ಎದುರಿಗೇ ಗುಡಿಸಲು ಹಾಕಿಕೊಂಡಳು. ತಮ್ಮನ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಮಾತು ತಪ್ಪಿದವನು ಸಾಹೇಬನೆಂದೇ ತಿಳಿದಿದ್ದಳು. ದಿನವೂ ಹೋಗಿ, ತನಗೆ ಗೊತ್ತಿದ್ದ ಆ ಒಂದೇ ಇಂಗ್ಲಿಷ್ ಮಾತನ್ನು ಕೇಳುವಳು. ಕಾವಲಿನವನು ಅದೇ ಮಾತನ್ನು ನಗುತ್ತ ಹಿಂದಿರುಗಿಸುವನು. ಮೇವಿಲ್ಲದೆ ಮರಿಗಳು ಸತ್ತವು. ದಾರಿಹೋಕರು ಗುಡ್ಡವನ್ನು ಅವಳ ಆ ಮಾತಿನಿಂದಲೇ ಕರೆಯತೊಡಗಿದರು.

ಕೆಲವು ವರ್ಷಗಳ ಮೇಲೆ ಆ ಪಾದ್ರಿ ಅದೇ ದಾರಿಯಾಗಿ ಬಂದರು. ದ್ಯಾವಕ್ಕ ನೀರು ಕೊಟ್ಟು, ಸೂನ್ ಎಂದರೇನೆಂದು ಕೇಳಿದಳು.

“ಬೇಗ ಎಂದಷ್ಟೇ ಅಮ್ಮಾ. ಯಾವಾಗ ಎನ್ನುವುದು ಅದರಲ್ಲಿಲ್ಲ. ನಮ್ಮ ಪೂರ್ವಿಕರ ಕಾಲದಲ್ಲಿ ಅದಕ್ಕೆ ಈ ಕ್ಷಣವೇ ಎಂಬ ಅರ್ಥವಿತ್ತು. ಹೇಳಿದವರು ತಡಮಾಡುತ್ತ ಬಂದ ಹಾಗೆ ಅರ್ಥವೂ ಸಡಿಲವಾಯಿತು.”

“ತಿಪ್ಪನಿಗೆ ಇದು ಗೊತ್ತಿತ್ತಾ, ಸ್ವಾಮಿ?”

“ಗೊತ್ತಿತ್ತು. ಹೇಳಿಕೊಟ್ಟವನು ನಾನೇ.”

ಅಂದಿನಿಂದ ಅವಳು ಬಾಗಿಲ ಬಳಿ ಹೋಗಲಿಲ್ಲ. ಮುಪ್ಪಿನಲ್ಲಿ, ಕೆಲಸ ಹೋಗಿ, ತಿಪ್ಪಯ್ಯ ಗುಡಿಸಲ ಮುಂದೆ ಬಂದು ನಿಂತು “ಅಕ್ಕಾ” ಎಂದನಂತೆ. ದ್ಯಾವಕ್ಕ ಬೈಯಲಿಲ್ಲ. ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಕೇಳಿದಳು:

“ತಮ್ಮದು ಯಾವೂರಾತು ಯಜಮಾನ್ರೇ?”

ತಿಪ್ಪಯ್ಯ ಲೋಟ ಕೆಳಗಿಟ್ಟು, ಬಂದ ದಾರಿ ಹಿಡಿದು ಹೋದ.

ದಂಡು ಯಾವಾಗ ಹೋಯಿತೆಂದು ಯಾರಿಗೂ ತಿಳಿಯದು. ಒಂದು ಬೆಳಿಗ್ಗೆ ಬಾಗಿಲು ಹಾರುಹೊಡೆದಿತ್ತು. ಆಗ ದ್ಯಾವಕ್ಕ ಉಳಿದಿರಲಿಲ್ಲ. ಇಂದು ಒರತೆ ನೋಡಲು ಬಂದವರು ಕಂಬಗಳ ನಡುವೆಯೇ ಸಲೀಸಾಗಿ ನಡೆದು ಹೋಗುತ್ತಾರೆ. ದ್ಯಾವಕ್ಕನ ಹಟ್ಟಿಯವರು ಮಾತ್ರ ಹಾಗೆ ಹೋಗುವುದಿಲ್ಲ. ಈಗಲೂ ಕುರಿಗಳನ್ನು ಸುತ್ತು ಬಳಸಿ, ಮುಳ್ಳುಪೊದೆಗಳ ಕಡೆಯಿಂದ ಗುಡ್ಡ ಹತ್ತಿಸುತ್ತಾರೆ.