ಹೊರೆ ಹೊತ್ತು ಕೊಟ್ಟ ಅಳತೆ

ಬೆಟ್ಟದ ತುದಿಯನ್ನು ಮೊದಲು ಮುಟ್ಟಿದವನು ಗೆದ್ದ ಹಾಗೆ, ಸೋತವನು ತನ್ನ ನಾಲ್ಕೂ ಚಕ್ರ ಬಿಚ್ಚಿಕೊಡಬೇಕು. ಎರಡು ಸ್ಪೋರ್ಟ್ಸ್ ಕಾರುಗಳ ನಡುವಿನ ಪಂದ್ಯವದು. ಓಟಕ್ಕೆಂದು ಮೈ ತಗ್ಗಿಸಿಕೊಳ್ಳಲು ಹಳದಿ ಕಾರು ಗ್ಯಾರೇಜಿನಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಖಾಲಿ ನಿಂತು ಅಳತೆ ಕೊಟ್ಟಿತು. ದೊಡ್ಡ ಮಿನುಗುವ ಚಕ್ರ ಹಾಕಿಸಿಕೊಂಡು, ನೆಲ ಸವರುವಷ್ಟು ತಗ್ಗಿತು. ಕೆಂಪು ಕಾರು ತನ್ನ ದಪ್ಪ ಯಜಮಾನರನ್ನು ಕೂರಿಸಿಕೊಂಡೇ ಅಳತೆ ಕೊಟ್ಟು, ಹಗುರ ಚಕ್ರ ಆರಿಸಿ, ಬೇಕಾದಷ್ಟೇ ತಗ್ಗಿತು.

“ಏನಣ್ಣಾ, ಪಂಚೆ ಎತ್ತಿ ಕಟ್ಟಿ ಹಳ್ಳ ದಾಟುವವನ ಹಾಗೆ ನಿಂತಿದ್ದೀಯಲ್ಲ!” ಎಂದು ಹಳದಿ ನಕ್ಕಿತು.

“ಹೊರೆ ಹೊತ್ತ ಮೇಲೆ ಮಾತಾಡೋಣ ತಮ್ಮಾ,” ಎಂದಿತು ಕೆಂಪು.

ಪಂದ್ಯದ ದಿನ ತನ್ನ ಯಜಮಾನರು ಏರಿ ಕೂತದ್ದೇ ತಡ, ಹಳದಿ ಕಾರು ಇನ್ನೂ ಎರಡು ಬೆರಳು ಕುಸಿಯಿತು. ಆದರೂ ಸಪಾಟು ರಸ್ತೆಯಲ್ಲಿ ಅದೇ ಮುಂದಿತ್ತು. ಬೆಟ್ಟದ ಬುಡದಲ್ಲಿ ರಸ್ತೆಯುಬ್ಬು ಕೇಳಿತು: “ಹೊಟ್ಟೆಯ ಕೆಳಗೆ ಜಾಗ ಇದೆಯೇ ಸ್ವಾಮಿ?”

“ಸರಿಯೋ ಪಕ್ಕಕ್ಕೆ!” ಎಂದು ನುಗ್ಗಿದ ಹಳದಿ ಕಾರು ಉಬ್ಬಿನ ಮೇಲೆ ಹೊಟ್ಟೆ ಊರಿ ಸಿಕ್ಕಿಕೊಂಡಿತು. ಕೆಂಪು ಕಾರು ಪಕ್ಕದಲ್ಲೇ ಉಬ್ಬು ದಾಟಿ, ಹಾರನ್ ಹೊಡೆಯುತ್ತಾ ತುದಿ ಮುಟ್ಟಿತು.

ಕೆಂಪು ಕಾರು ಇಳಿದು ಬಂದು ಹಳದಿಯ ನಾಲ್ಕೂ ಚಕ್ರ ಬಿಚ್ಚಿಸಿಕೊಂಡಾಗ ರಸ್ತೆಯುಬ್ಬು ಕೇಳಿತು: “ಗೆದ್ದ ಚಕ್ರ ಹಾಕಿಕೊಳ್ಳುವುದಿಲ್ಲವೇ?”

“ತೂಕ ಜಾಸ್ತಿ. ಮಾರುತ್ತೇನೆ.”

ಸಂಜೆಯೊಳಗೆ ನಾಲ್ಕೂ ಚಕ್ರ ಮಾರಾಟವಾದವು. ಕೆಂಪು ಕಾರು ಪಂದ್ಯಕ್ಕೆಂದು ತನ್ನ ಮೈಮೇಲೆ ಹಾಕಿದ್ದ ದುಡ್ಡೆಲ್ಲ ಹುಟ್ಟಿ, ಮೇಲೆ ಎರಡು ಟ್ಯಾಂಕ್ ಪೆಟ್ರೋಲು ಲಾಭ ಉಳಿಯಿತು.