ನುಂಗುಮಡುವಿನ ಹೆಸರು

ಮುಪ್ಪಣ್ಣನಿಗೆ ಬಣ್ಣನೆಯ ಮಾತೆಂದರೆ ಪ್ರಾಣ. ಮಠದಲ್ಲಿ ಬರೀ ಅನ್ನ ಬಡಿಸಿದರೂ "ಮಲ್ಲಿಗೆಯಂಥ ಅನ್ನ" ಎನ್ನದೆ ತುತ್ತೆತ್ತುತ್ತಿರಲಿಲ್ಲ.

"ಮೊದಲು ಉಣ್ಣು, ಆರಿಹೋದೀತು," ಎಂದು ಗುರು ಮರುಳಯ್ಯನವರು ನಗುತ್ತಿದ್ದರು.

ಮಠದ ಕೆಳಗೆ ಹೊಳೆಯಲ್ಲೊಂದು ಮಡು. ಅದರ ಹೆಸರು ನುಂಗುಮಡು. ದಂಡೆಯ ಬಂಡೆಯ ಮೇಲೆ ಸುಣ್ಣದಲ್ಲಿ ಹಾಗೆಂದು ಬರೆದಿತ್ತು. ಮಠದವರೆಲ್ಲ ಬಾವಿಯ ಬಳಿಯೇ ಸ್ನಾನ ಮಾಡುತ್ತಿದ್ದರು. ಹೊಸಬನಾದ ಮುಪ್ಪಣ್ಣ ಏಕೆಂದು ಕೇಳಿರಲಿಲ್ಲ.

"ಬುದ್ಧಿ, ಈ ಹೆಸರು ಬದಲಾಯಿಸೋಣ," ಎಂದ ಒಂದು ದಿನ. "ಕನ್ನಡಿಯಂಥ ನೀರು. ಒಂದು ಅಲೆಯಿಲ್ಲ. ಇದಕ್ಕೆ ನುಂಗುಮಡು ಅಂದವರ ಬಾಯಲ್ಲಿ ಒಂದು ಒಳ್ಳೇ ಮಾತೂ ಇರಲಿಲ್ಲವೇ?"

"ಅದು ಚಂದಕ್ಕೆ ಇಟ್ಟ ಹೆಸರಲ್ಲ, ಮರಿ. ಹಾಗೇ ಇರಲಿ."

ಮುಪ್ಪಣ್ಣನಿಗೆ ಸಮಾಧಾನವಾಗಲಿಲ್ಲ. ಗುರುಗಳು ಪಕ್ಕದ ಊರಿಗೆ ಹೋದದ್ದೇ ತಡ, ಬಂಡೆಯನ್ನು ಉಜ್ಜಿ ತೊಳೆದ. "ಶಾಂತಿತೀರ್ಥ" ಎಂದು ಬರೆದ. ಅಕ್ಷರವೇನೋ ಮುತ್ತು ಪೋಣಿಸಿದಂತಿತ್ತು.

ಮಾರನೆಯ ಮಧ್ಯಾಹ್ನ ಕಂಬಳಿ ಮಾರುವ ಜವರಪ್ಪ ಆ ದಾರಿಯಲ್ಲಿ ಬಂದ. ಬಿಸಿಲಿಗೆ ಬೆಂದು ಹೋಗಿದ್ದ.

"ಸ್ವಾಮೀ, ಇದ್ಯಾವ ಜಾಗ?"

"ಶಾಂತಿತೀರ್ಥ," ಎಂದ ಮುಪ್ಪಣ್ಣ ಹೆಮ್ಮೆಯಿಂದ.

ಜವರಪ್ಪ ಕೈ ಮುಗಿದ. ಹೊರೆ ಇಳಿಸಿ ನೀರಿಗಿಳಿದ. ಎದೆಮಟ್ಟಕ್ಕೆ ಹೋದವನು ಇದ್ದಕ್ಕಿದ್ದಂತೆ ಮುಳುಗಿದ. ಎರಡು ಕೈ ಮಾತ್ರ ಕಂಡವು.

ಮುಪ್ಪಣ್ಣ ಕಿರುಚಿಕೊಂಡ. ಊರಿಂದ ಮರಳುತ್ತಿದ್ದ ಗುರುಗಳು ಓಡಿ ಬಂದರು.

"ಕಂಬಳಿ ಎಸಿ!"

ಜವರಪ್ಪನ ಕೈಗೆ ಕಂಬಳಿಯ ತುದಿ ಸಿಕ್ಕಿತು. ಇಬ್ಬರೂ ಸೇರಿ ಎಳೆದರು. ಅಂತೂ ಅವನು ದಂಡೆಗೆ ಬಂದು ಬಿದ್ದ. ಕುಡಿದ ನೀರನ್ನೆಲ್ಲ ಕಾರಿಕೊಂಡು, ಬಹಳ ಹೊತ್ತಿನ ಮೇಲೆ ಮಾತಾಡಿದ.

"ಹೆಸರು ಕೇಳಿದ್ನಲ್ಲ ಸ್ವಾಮೀ. ಅದಕ್ಕೇ ಆಳ ಕೇಳ್ಲಿಲ್ಲ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮುಪ್ಪಣ್ಣ ತಡೆದುಕೊಳ್ಳುತ್ತಿದ್ದನೇನೋ. ಅವನು ತಲೆ ತಗ್ಗಿಸಿ ಅತ್ತ.

ಗುರುಗಳು ತಮ್ಮ ಕೈಗೋಲನ್ನು ಅವನಿಗೆ ಕೊಟ್ಟರು.

"ಆ ಬಂಡೆಯ ಮೇಲೆ ಬೋರಲು ಮಲಗಿ ಇದನ್ನು ನೀರಿನೊಳಕ್ಕೆ ಬಿಡು. ಗಟ್ಟಿಯಾಗಿ ಹಿಡಿದಿರು."

ಮುಪ್ಪಣ್ಣ ಹಾಗೇ ಮಾಡಿದ. ಕೆಳಗಿನಿಂದ ಯಾರೋ ಕಿತ್ತುಕೊಂಡಂತೆ ಕೋಲು ಅವನ ಕೈಬಿಟ್ಟು ಹೋಯಿತು. ಮೇಲೆ ಒಂದು ಅಲೆಯೂ ಏಳಲಿಲ್ಲ.

"ಈಗ ಬಣ್ಣಿಸು."

ಮುಪ್ಪಣ್ಣ ಬರಿಗೈಯನ್ನು ನೋಡಿಕೊಂಡ.

"ನುಂಗುತ್ತೆ, ಬುದ್ಧಿ."

ಅವತ್ತು ಸಂಜೆಯೇ ಅವನು ಬಂಡೆಯನ್ನು ಮತ್ತೆ ಉಜ್ಜಿದ. ಹಳೆಯ ಹೆಸರನ್ನೇ ಬರೆದ. ಈ ಸಲ ಅಕ್ಷರ ಸೊಟ್ಟಗಾದವು. ಗುರುಗಳು ಪಕ್ಕದಲ್ಲಿ ಸುಣ್ಣದ ಕುಡಿಕೆ ಹಿಡಿದು ನಿಂತಿದ್ದರು.

"ಬುದ್ಧಿ, ಈ ಹೆಸರಿಟ್ಟವರು ಯಾರು?"

"ನಮ್ಮವ್ವ. ನಮ್ಮಕ್ಕ ಇದರೊಳಗೆ ಹೋದ ದಿನ."

ಮುಪ್ಪಣ್ಣನ ಕೈ ನಿಂತಿತು. ಗುರುಗಳು ಕುಡಿಕೆಯನ್ನು ಅವನತ್ತ ಚಾಚಿದರು.

"ಅಕ್ಕನಿಗೆ ಜೋಗುಳ ಕಟ್ಟಿ ಹಾಡುತ್ತಿದ್ದವಳೂ ಅವಳೇ. ಒಳ್ಳೇ ಮಾತು ಅವಳಿಗೂ ಬರುತ್ತಿತ್ತು, ಮರಿ."